ಜವೆ ಗೋಧಿ ಪಕ್ಕ ಲೋಕವನ್ ಬಿತ್ತಿದರೆ ಬೀಜ ಬೆರಕೆ ಆಗುತ್ತಾ?

ಪ್ರಶ್ನೆ (ಜಮಖಂಡಿ ಕಡೆಯ ರೈತ): ನಮಸ್ಕಾರ ಮೇಡಂ. ಹಿರಿಯರ ಕಾಲದಿಂದ ನಾವು ಜವೆ ಗೋಧಿ, ಅಂದರೆ ಕಪ್ಲಿ, ಬೆಳೆಯುತ್ತೇವೆ. ಈ ಸಲ ಪಕ್ಕದ ಪಟ್ಟಿಯಲ್ಲಿ ಲೋಕವನ್, ಅಂದರೆ ಮಾಮೂಲಿ ಚಪಾತಿ ಗೋಧಿಯ ತಳಿ, ಬಿತ್ತಬೇಕು ಅಂತಿದ್ದೇನೆ. ಬೀಜ ಬೆರಕೆ ಆಗುತ್ತಾ? ಎರಡನ್ನೂ ಕೂಡಿಸಿ, ರಾಶಿಯಲ್ಲೇ ಸಿಪ್ಪೆ ಬಿಡೋ ಜವೆ ಮಾಡೋಕೆ ಬರಲ್ವಾ?

ಉತ್ತರ (ತಳಿ ವಿಜ್ಞಾನಿ): ನಮಸ್ಕಾರ ಅಣ್ಣಾವ್ರೇ. ಹೊಲದಲ್ಲಿ ಬೆರಕೆ ಆಗೋ ಭಯ ಕಡಿಮೆ. ಗೋಧಿ ಹೂವು ಬಹುತೇಕ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಬೆರಕೆ ಜಾಸ್ತಿ ಆಗೋದು ರಾಶಿ ಮಷಿನ್ನಿನಲ್ಲಿ, ಚೀಲದಲ್ಲಿ. ಮಷಿನ್ ಪೂರ್ತಿ ಝಾಡಿಸಿ, ಬೀಜದ ಜವೆಯನ್ನೇ ಮೊದಲು ಹಾಕಿ.

ಕೂಡಿಸೋ ಮಾತು ಬೇರೆ. ಜವೆಯ ಜೀವಕೋಶದಲ್ಲಿ 28 ಕ್ರೋಮೋಸೋಮು, ಅಂದರೆ ವಂಶಗುಣ ಹೊತ್ತ ಎಳೆಗಳು. ಎರಡು ಕಾಡುಹುಲ್ಲುಗಳ ಜೀನೋಮು (ಅಂಥ ಎಳೆಗಳ ಪೂರ್ತಿ ಕಟ್ಟು), ಎ ಮತ್ತು ಬಿ, ಒಂದಾಗಿ ಬಂದದ್ದು. ಸುಮಾರು 8ರಿಂದ 10 ಸಾವಿರ ವರ್ಷದ ಹಿಂದೆ ಕ್ಯಾಸ್ಪಿಯನ್ ಸಮುದ್ರದ ದಕ್ಷಿಣಕ್ಕೆ, ಹೀಗೆ 28 ಇದ್ದ ಸಾಗುವಳಿ ಗೋಧಿಗೆ ಇನ್ನೊಂದು ಕಾಡುಹುಲ್ಲು ತಾನೇ ಕೂಡಿತು. ಆಗ ಡಿ ಜೀನೋಮು ಸೇರಿ 42 ಆಯಿತು. ನಿಮ್ಮ ಲೋಕವನ್ ಆ ವಂಶದ್ದು. ಇವೆರಡನ್ನು ಕೂಡಿಸಿದರೆ ಹುಟ್ಟೋ ಗಿಡಕ್ಕೆ ಎರಡರ ಅರ್ಧರ್ಧ, 14 ಮತ್ತು 21, ಬಂದು 35 ಇರುತ್ತವೆ. ಎ, ಬಿ ಸೇರಿ 14 ಜೋಡಿ ಸರಿಯಾಗಿ ಕೂಡುತ್ತವೆ. ಡಿಯ 7ಕ್ಕೆ ಜೊತೆಯೇ ಇಲ್ಲ. ಅದಕ್ಕೇ ಆ ಗಿಡದ ತೆನೆಯಲ್ಲಿ ಎಷ್ಟೋ ಕಾಳು ಕಟ್ಟಲ್ಲ. ಮುಂದಿನ ತಲೆಮಾರುಗಳಲ್ಲಿ ಡಿಯ ಕ್ರೋಮೋಸೋಮುಗಳು ಒಂದೊಂದೇ ಕಳೆದುಹೋಗುತ್ತಾ ಬರುತ್ತವೆ.

ಹಾಗಂತ ಆಗದ ಕೆಲಸ ಅಲ್ಲ. ಕಾಂಡದ ತುಕ್ಕು ರೋಗ ತಡೆಯೋ ಎಸ್‌ಆರ್13 ಜೀನನ್ನು ಕಪ್ಲಿಯಿಂದಲೇ ಬೇರೆ ಗೋಧಿಗೆ ತಂದಿದ್ದಾರೆ. ನಮ್ಮ ಕಡೆಯ ಈ ಗೋಧಿಗೆ ಅಷ್ಟು ಬೆಲೆ ಇದೆ! ಆದರೆ ಸಿಪ್ಪೆ ತೆಗೆಯೋ ಆಸೆ ಬೇಡ ಅನ್ನೋದು ನನ್ನ ಮಾತು. ಸಿಪ್ಪೆ ಇದ್ದರೆ ಕಾಳಿಗೆ ಹುಳ ಬೇಗ ಹತ್ತಲ್ಲ. ನಿಮಗೆ ತೊಂದರೆ ಬೆಳೆ ಮಲಗೋದು ಅಂತಾದರೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ-1029 ಗಿಡ್ಡ ತಳಿ ನೋಡಿ.

ಪ್ರಶ್ನೆ (ವಿಜಯಪುರದ ಗೃಹಿಣಿ): ಮೇಡಂ, ಜವೆ ಹಿಟ್ಟು ಎಷ್ಟು ನಾದಿದರೂ ಚಪಾತಿ ಲಟ್ಟಿಸುವಾಗ ಅಂಚು ಹರಿಯುತ್ತದೆ. ಅದರಲ್ಲಿ ಗ್ಲುಟೆನ್, ಅಂದರೆ ಹಿಟ್ಟಿಗೆ ಅಂಟು ಕೊಡೋ ಪ್ರೋಟೀನು, ಇಲ್ಲ ಅಂತಾರೆ, ಹೌದಾ?

ಉತ್ತರ: ಅಕ್ಕಾ, ಹಿಟ್ಟಿಗೆ ಎಳೆದರೂ ಹರಿಯದ ಗುಣ ಕೊಡೋದು ಗ್ಲುಟೆನ್ನಿನ ಒಂದು ಭಾಗವಾದ ಗ್ಲುಟೆನಿನ್; ಆ ಪ್ರೋಟೀನುಗಳಲ್ಲಿ ಮುಖ್ಯವಾದವು ಡಿ ಜೀನೋಮಿನವು. ಜವೆಯಲ್ಲಿ ಡಿ ಇಲ್ಲವಲ್ಲ, ಅದಕ್ಕೇ ಹಾಗೆ. ಹುಗ್ಗಿಗೆ, ಶಾವಿಗೆಗೆ ಇದೇ ಸರಿ. ಗ್ಲುಟೆನ್ ಮಾತ್ರ ಇದೆ. ಸೀಲಿಯಾಕ್ ಕಾಯಿಲೆ (ಗ್ಲುಟೆನ್ ತಿಂದರೆ ಕರುಳು ಹಾಳಾಗೋ ಕಾಯಿಲೆ) ಇದ್ದವರಿಗೆ ಜವೆಯನ್ನೂ ಕೊಡಲೇಬೇಡಿ.