ಅಪ್‌ಡೇಟ್: ಪತ್ರಿಕೆಯಲ್ಲಿ ನನ್ನ ಕೊನೆಯ ರಾತ್ರಿ

ಪತ್ರಿಕೆಯ ಕೆಲಸ ಬಿಡುತ್ತಿದ್ದೇನೆ, 11 ವರ್ಷ ಜೊತೆಗಿದ್ದವರಿಗೆ ವಿದಾಯ ಹೇಳುವುದು ಹೇಗೆ, ಎಲ್ಲರಿಗೂ ಸೇರಿಸಿ ಒಂದು ಇಮೇಲ್ ಹಾಕಿದರೆ ಸಾಕೇ ಎಂದು ಕೇಳಿದ್ದೆ. ಒಬ್ಬೊಬ್ಬರಿಗೂ ಕೈಯಲ್ಲೇ ಬರೆದುಕೊಡಿ ಎಂದವರಿಗೆ ತುಂಬಾ ಧನ್ಯವಾದ. ಹಾಗೇ ಮಾಡಿದೆ.

ಒಟ್ಟು 14 ಪತ್ರ. ಹೆಚ್ಚಿನವು ನಾಲ್ಕೈದು ಸಾಲು. ಪುಟ ವಿನ್ಯಾಸ ಮಾಡುವ ಗೆಳತಿಗೆ ಬರೆದದ್ದು ಮಾತ್ರ ಮೂರು ಪುಟ ಆಯಿತು. ಪುಟವನ್ನು ಮುದ್ರಣದ ಪ್ಲೇಟ್‌ಗೆ ಕಳಿಸಲು ಹತ್ತೇ ನಿಮಿಷ ಇರುವಾಗ ಲೀಡ್ ಸುದ್ದಿ, ಅಂದರೆ ಮುಖಪುಟದ ಮುಖ್ಯ ಸುದ್ದಿ, ಬದಲಾಗಿ, ಇಡೀ ಮುಖಪುಟವನ್ನು ಹೊಸದಾಗಿ ಕಟ್ಟಿದ ರಾತ್ರಿಗಳು ಎಷ್ಟೋ. ಒಮ್ಮೆಯೂ ಅವಳು ಗೊಣಗಿದ್ದಿಲ್ಲ.

ಕೊನೆಯ ದಿನವೂ ಕೆಲಸವೇ, ಭಾಷಣಕ್ಕೆ ಹೊತ್ತೆಲ್ಲಿ? ಕೊನೆಯ ಆವೃತ್ತಿ ಮುಗಿದ ಮೇಲೆ ನಮ್ಮ ಹಿರಿಯ ಪ್ರೂಫ್‌ರೀಡರ್ ನನ್ನ ಸುದ್ದಿಯ ಪ್ರಿಂಟ್ ತಂದು ಮೇಜಿನ ಮೇಲಿಟ್ಟರು. ಎಂದಿನಂತೆ ಕೆಂಪು ಶಾಯಿಯಲ್ಲಿ ಎರಡು ಕಾಗುಣಿತ ತಿದ್ದಿದ್ದರು. ಅಂಚಿನಲ್ಲಿ ಸಣ್ಣದಾಗಿ, ‘ನಾಳೆಯಿಂದ ಯಾರದ್ದನ್ನು ತಿದ್ದಲಿ ಮಾರಾಯಾ’ ಎಂದು ಬರೆದಿತ್ತು. ಅಲ್ಲಿಯವರೆಗೆ ತಡೆದುಕೊಂಡಿದ್ದೆ, ಆಗ ಆಗಲಿಲ್ಲ. ಅವರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆಮೇಲೆ ಇಬ್ಬರೂ ಮುದ್ರಣ ವಿಭಾಗಕ್ಕೆ ಇಳಿದು, ಯಂತ್ರದಿಂದ ಬಂದ ಮೊದಲ ಪ್ರತಿಗಳಲ್ಲೊಂದನ್ನು ಎತ್ತಿಕೊಂಡೆವು. ಮನೆಗೆ ಬಂದಾಗಲೂ ಬೆರಳಿನಲ್ಲಿ ಆ ಮಸಿ ಇತ್ತು.