ಚಳಿಗೆ ಮೀನು ಮೇವು ಬಿಟ್ಟಿದೆ, ಏನು ಮಾಡಲಿ?

ಬೀದರ್ ಕಡೆಯಿಂದ: ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಬಿಟ್ಟಿದ್ದೇನೆ. ಡಿಸೆಂಬರ್ ಶುರುವಾದಾಗಿನಿಂದ ಮೇವು ಮುಟ್ಟುತ್ತಿಲ್ಲ, ತಳ ಹಿಡಿದು ಕೂತಿವೆ. ರೋಗ ಇರಬಹುದಾ? ಬಲೆ ಎಳೆದು ನೋಡಲಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ: ಅಣ್ಣಾ, ಸದ್ಯಕ್ಕೆ ಬಲೆ ಬೇಡ. ಮೊದಲ ವರ್ಷ ನನಗೂ ಹೀಗೇ ಆಗಿತ್ತು. ತೂತು ಮಾಡಿದ ಚೀಲಕ್ಕೆ ಶೇಂಗಾ ಹಿಂಡಿ, ತೌಡು ತುಂಬಿ ಇಳಿಬಿಟ್ಟಿದ್ದೆ. ಮಾರನೇ ದಿನ ಎತ್ತಿದರೆ ಹಾಗೇ ಭಾರ, ಹುಳಿ ವಾಸನೆ ಬೇರೆ. ಥರ್ಮಾಮೀಟರ್ ದಾರಕ್ಕೆ ಕಟ್ಟಿ ಬಿಟ್ಟು ನೋಡಿದೆ, 19 ಡಿಗ್ರಿ. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ ಅಲ್ವಾ? ನೀರು 10 ಡಿಗ್ರಿ ಇಳಿದರೆ ಮೈಯೊಳಗಿನ ಕೆಲಸ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಹಸಿವೂ ಹೋಗುತ್ತದೆ. ಮೇವು ಕಡಿಮೆ ಮಾಡಿ, ಬಿಸಿಲೇರಿದ ಮೇಲೆ ಹಾಕಿ. ಮೈಮೇಲೆ ಕೆಂಪು ಹುಣ್ಣು ಕಂಡರೆ ಮಾತ್ರ ತಡ ಮಾಡದೆ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ. ಆ ರೋಗ ಚಳಿಯಲ್ಲೇ ಜಾಸ್ತಿ.

ಇನ್ನೊಬ್ಬರು: ಬಲೆ ಯಾಕೆ ಬೇಡ ಅಂತ ನಾನು ಹೇಳುತ್ತೇನೆ, ಮೀನುಗಾರಿಕೆ ಓದಿದವನು. ಗೆಂಡೆ ಕೊಯ್ದಾಗ ಗಮನಿಸಿ. ಚರ್ಮ ಸುಲಿದರೆ ಪಕ್ಕೆಯ ಉದ್ದಕ್ಕೂ ಒಂದು ಕಡುಗೆಂಪು ಪಟ್ಟಿ ಕಾಣುತ್ತದೆ, ಉಳಿದದ್ದೆಲ್ಲ ಬಿಳಿ ಮಾಂಸ. ದಿನವಿಡೀ ನಿಧಾನವಾಗಿ ಈಜಿಸುವುದು ಆ ಕೆಂಪು ಪಟ್ಟಿ. ಅದು ಆಮ್ಲಜನಕ ಬಳಸಿ, ಮುಖ್ಯವಾಗಿ ಕೊಬ್ಬು ಉರಿಸಿ ಶಕ್ತಿ ಪಡೆಯುತ್ತದೆ. ಚಳಿ ಹಿಡಿದ ಮೇಲೆ ಗೆಂಡೆಯ ಕೆಂಪು ಸ್ನಾಯುವಿನಲ್ಲಿ ಮೈಟೊಕಾಂಡ್ರಿಯ, ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಒಲೆಗಳು, ಹೆಚ್ಚುತ್ತವೆ. ಒಂದೊಂದು ಒಲೆಯ ಉರಿ ಸಣ್ಣದಾಯಿತು ಅಂತ ಒಲೆಗಳನ್ನೇ ಹೆಚ್ಚಿಸಿಕೊಂಡ ಹಾಗೆ. ಸ್ನಾಯು ಕುಗ್ಗಿಸುವ ಮಯೋಸಿನ್ ಪ್ರೋಟೀನ್ ಕೂಡ ತಣ್ಣೀರಿಗೆ ಒಗ್ಗುವ ಬಗೆಗೆ ಬದಲಾಗುತ್ತದೆ. ಎಷ್ಟು ಚೆಂದದ ಏರ್ಪಾಡು! ಆದರೆ ಇದಕ್ಕೆಲ್ಲ ವಾರಗಟ್ಟಲೆ ಬೇಕು. ಅಷ್ಟರೊಳಗೆ ಬಲೆ ಎಳೆದರೆ ಮೀನು ಬಿಳಿ ಸ್ನಾಯುವಿನ ಬಲದ ಮೇಲೆ ಜಿಗಿದಾಡಬೇಕು. ಅಲ್ಲಿ ಕೂಡಿಟ್ಟ ಗ್ಲೈಕೊಜೆನ್ (ಸಕ್ಕರೆಯ ದಾಸ್ತಾನು) ಖಾಲಿಯಾಗಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಸುಧಾರಿಸಿಕೊಳ್ಳಲು ಗಂಟೆಗಟ್ಟಲೆ ಹಿಡಿಯುತ್ತದೆ, ಸುಸ್ತಾದದ್ದು ಸಾಯಲೂಬಹುದು.

ಮತ್ತೊಬ್ಬರು: ಬೇಸಿಗೆಯ ಕಷ್ಟ ಇದಕ್ಕೆ ಉಲ್ಟಾ. ಮೀನಿಗೆ ಆಮ್ಲಜನಕ ಜಾಸ್ತಿ ಬೇಕು, ನೀರು ಹಿಡಿದಿಟ್ಟುಕೊಳ್ಳುವುದೇ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30ರಲ್ಲಿ ಏಳೂವರೆ. ಏಪ್ರಿಲ್‌ನಲ್ಲಿ ಬೆಳಗಿನ ಜಾವ ಹೊಂಡದ ಕಡೆ ಹೋಗಿ ನೋಡಿ, ಮೀನು ಉಸಿರಿಗಾಗಿ ಬಾಯಿ ಮೇಲೆ ಮಾಡಿದ್ದರೆ ಅವತ್ತು ಮೇವು ಬೇಡ, ಹೊಸ ನೀರು ಬಿಡಿ.

ಬೀದರ್ ಕಡೆಯಿಂದ: ಎಲ್ಲರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ ನೋಡಿದೆ, 18 ಡಿಗ್ರಿ. ಹುಣ್ಣು ಇಲ್ಲ. ಚೀಲ ಎತ್ತಿಟ್ಟೆ, ಬಲೆ ವಾಪಸ್ ಕೊಟ್ಟೆ.