ಅಡುಗೆಮನೆ ಹಿಂದಿನ ಮೂರು ಮೀಟರ್: ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ಭಾವ (ಫಾರ್ವರ್ಡ್): ಇಂಗ್ಲೆಂಡಿನಲ್ಲಿ ಸ್ವಂತ ಮನೆ ಇರುವವರ ಗಮನಕ್ಕೆ!! ಮನೆಯ ಹಿಂಬದಿಗೆ 3 ಮೀಟರ್ ತನಕ ಕಟ್ಟಲು ಯಾವ ಪರ್ಮಿಷನ್ನೂ ಬೇಡ. ಕಟ್ಟಿ 4 ವರ್ಷ ಯಾರೂ ಕೇಳದಿದ್ದರೆ ಆಮೇಲೆ ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ಏನೂ ಮಾಡುವಂತಿಲ್ಲ. ಗೊತ್ತಿರುವವರಿಗೆಲ್ಲ ಕಳಿಸಿ.

ಭಾವ: ನೋಡಿ, ನಮ್ಮ ಬಿಲ್ಡರ್ ಹೇಳಿದ್ದೂ ಇದನ್ನೇ. ಅಡುಗೆಮನೆ ಹಿಂದೆ ಸರಿಯಾಗಿ 3 ಮೀಟರ್. ಸೋಮವಾರ ಪಾಯ ತೋಡಲು ಬರುತ್ತಾರೆ.

ನಾನು: ಭಾವ, ಒಂದು ನಿಮಿಷ ತಡೀರಿ. ಕೌನ್ಸಿಲ್‌ನವರನ್ನು ಕೇಳಿದಿರಾ?

ಭಾವ: ಯಾಕೆ ಕೇಳಬೇಕು? ಬೇಡ ಅಂತ ರೂಲ್ಸೇ ಇದೆ ಅಲ್ವಾ? ಪರ್ಮಿಟೆಡ್ ಡೆವಲಪ್‌ಮೆಂಟ್ ಅಂತಾರೆ ಅದಕ್ಕೆ. ನಾನೂ ಓದಿದ್ದೀನಿ.

ನಾನು: ರೂಲ್ಸ್ ಇರೋದು ನಿಜ. 2015ರ ಸರ್ಕಾರಿ ಆದೇಶದಲ್ಲೇ ಇದೆ. ಪಕ್ಕದ ಮನೆಗೆ ಅಂಟಿಕೊಂಡ ಮನೆಗಾದರೆ ಹಿಂದಕ್ಕೆ 3 ಮೀಟರ್, ಬಿಡಿ ಮನೆಗಾದರೆ 4. ಒಂದೇ ಅಂತಸ್ತು ಇರಬೇಕು, ಎತ್ತರ 4 ಮೀಟರ್ ಮೀರಬಾರದು. ಬೇಲಿಯಿಂದ 2 ಮೀಟರ್ ಒಳಗೆ ಬಂದರೆ ಸೂರಿನ ಅಂಚು 3 ಮೀಟರ್ ದಾಟಬಾರದು. ಆದರೆ ಇದೆಲ್ಲ ಎಲ್ಲರಿಗೂ ಬರೆದ ಮಾತು. ನಿಮ್ಮ ಮನೆಗೆ ಅದು ಸಿಗುತ್ತದಾ ಅನ್ನೋದು ಬೇರೆ ಪ್ರಶ್ನೆ. ಆ ಫಾರ್ವರ್ಡ್ ಬರೆದವರು ನಿಮ್ಮ ಮನೆ ನೋಡಿಲ್ಲ.

ಭಾವ: ನೀನು ಎಲ್ಲದಕ್ಕೂ ಹೆದರುತ್ತೀಯ. ಬಿಲ್ಡರ್ 20 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಾರೆ.

ನಾನು: ನನಗೂ ಒಬ್ಬ ಬಿಲ್ಡರ್ ಹೀಗೇ ಹೇಳಿದ್ದರು ಭಾವ. ಗರಾಜನ್ನು ರೂಮ್ ಮಾಡುವಾಗ. ಹೊರಗೋಡೆ ಮುಟ್ಟುವುದಿಲ್ಲ, ಒಳಗಿನ ಕೆಲಸ, ಯಾರನ್ನೂ ಕೇಳುವುದು ಬೇಡ ಅಂದರು. ನಾನು ನಂಬಿದೆ. ಐದು ವರ್ಷ ಏನೂ ಆಗಲಿಲ್ಲ. ಮನೆ ಮಾರುವಾಗ ಕೊಳ್ಳುವವರ ವಕೀಲರು ನಮ್ಮ ಬಡಾವಣೆ ಕಟ್ಟುವಾಗ ಕೊಟ್ಟ ಮೂಲ ಅನುಮತಿ ಪತ್ರ ತೆಗೆದು ನೋಡಿದರು. ಅದರ ಕೊನೇ ಹಾಳೆಯಲ್ಲಿ ಒಂದು ಷರತ್ತು, ಗರಾಜನ್ನು ಗಾಡಿ ನಿಲ್ಲಿಸಲು ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು ಅಂತ. ಎರಡೇ ಸಾಲು. ಅಷ್ಟಕ್ಕೆ ವ್ಯಾಪಾರ ನಿಂತಿತು, ಕಟ್ಟಿದ ಮೇಲೆ ಅನುಮತಿ ಕೇಳಿ ಅರ್ಜಿ ಹಾಕಬೇಕಾಯಿತು, ಅದು ಬರುವಷ್ಟರಲ್ಲಿ ಕೊಳ್ಳುವವರು ಬೇರೆ ಮನೆ ನೋಡಿಕೊಂಡರು. ಬಿಲ್ಡರ್‌ಗೆ ಫೋನ್ ಮಾಡಿದರೆ "ಅದು ನಿಮ್ಮ ಜವಾಬ್ದಾರಿ" ಅಂದರು. ಕಾನೂನಿನ ಪ್ರಕಾರ ಅವರ ಮಾತು ಸರಿಯೇ. ನೋಟಿಸ್ ಬಂದರೆ ಮನೆ ಮಾಲೀಕರಿಗೆ ಬರುತ್ತದೆ.

ಅಕ್ಕ: ಇದನ್ನು ನೀನು ನನಗೆ ಹೇಳಲೇ ಇಲ್ಲವಲ್ಲೇ.

ನಾನು: ಆಗ ಹೇಳಿಕೊಳ್ಳುವಷ್ಟು ಧೈರ್ಯ ಇರಲಿಲ್ಲ ಅಕ್ಕ.

ಚಿಕ್ಕಪ್ಪ: ಸ್ವಂತ ಜಾಗ, ಸ್ವಂತ ದುಡ್ಡು. ಇದಕ್ಕೂ ಕೇಳಬೇಕೇನಮ್ಮ?

ನಾನು: ಇಂಗ್ಲೆಂಡಿನಲ್ಲಿ 1947ರ ಪ್ಲಾನಿಂಗ್ ಕಾಯ್ದೆ ಬಂದ ಮೇಲೆ ಹಾಗೇ ಚಿಕ್ಕಪ್ಪ. ಜಾಗ ನಿಮ್ಮದು, ಅದರ ಮೇಲೆ ಕಟ್ಟುವ ಹಕ್ಕಿಗೆ ಮಾತ್ರ ಅನುಮತಿ ಬೇಕು. ಸಣ್ಣಪುಟ್ಟ ಕೆಲಸಕ್ಕೆ ಸರ್ಕಾರವೇ ಮೊದಲೇ ಒಪ್ಪಿಗೆ ಕೊಟ್ಟಿಟ್ಟಿದೆ. ಭಾವ ಹೇಳುತ್ತಿರುವುದು ಅದನ್ನೇ. ಆದರೆ ಆ ಒಪ್ಪಿಗೆಯನ್ನು ಕೌನ್ಸಿಲ್ ವಾಪಸ್ ತೆಗೆದುಕೊಂಡಿರಬಹುದು. ಹೊಸ ಬಡಾವಣೆಗಳಲ್ಲಿ ಷರತ್ತು ಹಾಕಿ ತೆಗೆಯುತ್ತಾರೆ, ಹಳೇ ಬೀದಿಗಳಲ್ಲಿ ಆರ್ಟಿಕಲ್ 4 ಅಂತ ಆದೇಶ ಹೊರಡಿಸಿ ತೆಗೆಯುತ್ತಾರೆ. ಫ್ಲ್ಯಾಟ್‌ಗಳಿಗೆ ಆ ಹಕ್ಕು ಇಲ್ಲವೇ ಇಲ್ಲ.

ತಮ್ಮ: ಮತ್ತೆ ಭಾವ, ಇದು ಇಂಗ್ಲೆಂಡಿನ ಲೆಕ್ಕ ಮಾತ್ರ. ನಮ್ಮ ಸ್ಕಾಟ್ಲೆಂಡಿನ ರೂಲ್ಸೇ ಬೇರೆ. ಇಲ್ಲಿ ಬಿಲ್ಡಿಂಗ್ ವಾರಂಟ್, ಅಂದರೆ ಕಟ್ಟಡ ಕೆಲಸಕ್ಕೆ ಕೊಡುವ ಒಪ್ಪಿಗೆ ಪತ್ರ, ಕೈಗೆ ಬರುವ ತನಕ ಕೆಲಸ ಶುರು ಮಾಡುವ ಹಾಗಿಲ್ಲ. ಎಲ್ಲ ಗುಂಪಿಗೂ ಕಳಿಸಿ ಅಂತ ಬೇರೆ ಬರೆದಿದ್ದಾರೆ.

ಭಾವ: ಸರಿ, ಏನೇ ಆದರೂ 4 ವರ್ಷ ಕಳೆದರೆ ಮುಗೀತು ಅಲ್ವಾ?

ನಾನು: ಇಂಗ್ಲೆಂಡಿನಲ್ಲಿ ಅದು ಹೋಯಿತು ಭಾವ. 2024ರ ಏಪ್ರಿಲ್ 25ರಿಂದ 10 ವರ್ಷ. ಆ ದಿನದೊಳಗೆ ಕಟ್ಟಿ ಮುಗಿಸಿದ್ದಕ್ಕೆ ಮಾತ್ರ ಹಳೇ 4 ವರ್ಷದ ಲೆಕ್ಕ. ಬಚ್ಚಿಟ್ಟರಂತೂ ಆ ಲೆಕ್ಕವೂ ಇಲ್ಲ. ಸರ್ರೆಯಲ್ಲಿ ಒಬ್ಬ ರೈತರು ಒಣಹುಲ್ಲಿನ ಪಿಂಡಿಗಳನ್ನು ಗೋಡೆಯ ಹಾಗೆ ಪೇರಿಸಿ, ಅದರ ಹಿಂದೆ ಕೋಟೆ ಥರದ ಮನೆ ಕಟ್ಟಿ, ನಾಲ್ಕು ವರ್ಷ ಕಳೆದ ಮೇಲೆ 2006ರಲ್ಲಿ ಪಿಂಡಿ ತೆಗೆದರು. 2010ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ. 2016ರಲ್ಲಿ ಮನೆ ಕೆಡವಬೇಕಾಯಿತು. ನೀವು ಬಚ್ಚಿಡುವವರಲ್ಲ, ನನಗೆ ಗೊತ್ತು. ಆದರೆ ವರ್ಷ ಎಣಿಸಿಕೊಂಡು ಕೂರುವ ಮನೆಯಲ್ಲಿ ನೆಮ್ಮದಿಯಾಗಿ ಇರೋಕೆ ಆಗಲ್ಲ.

ಅಕ್ಕ: (ಫೋಟೋ) ಇದು ಹಿಂದಿನ ಗೋಡೆ. ಇಲ್ಲಿಂದ 3 ಮೀಟರ್‌ಗೆ ಹಗ್ಗ ಕಟ್ಟಿದ್ದಾರೆ ನೋಡು.

ನಾನು: ಅಕ್ಕ, ಫೋಟೋ ದೊಡ್ಡದು ಮಾಡಿ ನೋಡಿದೆ. ಎಡಗಡೆ ಗೋಡೆಯಲ್ಲಿ, ಚರಂಡಿ ಪೈಪಿನ ಪಕ್ಕ, ಇಟ್ಟಿಗೆ ಬಣ್ಣ ಬದಲಾಗಿದೆ. ಆಚೆ ಕಡೆ ಮಾಸಿದ ಕೆಂಪು, ಈಚೆ ಕಡೆ ಸ್ವಲ್ಪ ಕಂದು. ನಡುವೆ ಮೇಲಿಂದ ಕೆಳತನಕ ನೇರ ಗೆರೆ. ಇಟ್ಟಿಗೆಗಳು ಒಂದಕ್ಕೊಂದು ಹೆಣೆದುಕೊಂಡಿಲ್ಲ. ಆ ಗೆರೆಯಿಂದ ಹಿಂದಿನ ಗೋಡೆಗೆ ಎಷ್ಟು ದೂರ ಅಳೀತೀಯಾ?

ಅಕ್ಕ: 2 ಮೀಟರ್ 10 ಸೆಂಟಿಮೀಟರ್.

ನಾನು: ಹಾಗಾದರೆ ಅಡುಗೆಮನೆಯ ಹಿಂಭಾಗವನ್ನು ಹಿಂದಿನ ಮಾಲೀಕರು ಆಮೇಲೆ ಕಟ್ಟಿಸಿರಬೇಕು. 3 ಮೀಟರ್ ಎಣಿಸುವುದು ಈಗಿನ ಗೋಡೆಯಿಂದ ಅಲ್ಲ, ಮೂಲ ಮನೆಯ ಗೋಡೆಯಿಂದ. ಮೂಲ ಮನೆ ಅಂದರೆ 1948ರ ಜುಲೈ 1ರಂದು ಹೇಗಿತ್ತೋ ಹಾಗೆ, ಆಮೇಲೆ ಕಟ್ಟಿದ್ದಾದರೆ ಮೊದಲು ಕಟ್ಟಿದಾಗ ಹೇಗಿತ್ತೋ ಹಾಗೆ. ಯಾರು ಕಟ್ಟಿಸಿದರೂ ಲೆಕ್ಕ ಮನೆಗೇ ಸೇರುತ್ತದೆ. ಅಂದರೆ ನಿಮಗೆ ಉಳಿದಿರುವುದು 90 ಸೆಂಟಿಮೀಟರ್.

(ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ಭಾವ: ಇದು ಬಿಲ್ಡರ್‌ಗೆ ಕಾಣಲಿಲ್ಲವಾ?

ನಾನು: ಅವರು ನೋಡುವುದು ತಾವು ಕಟ್ಟುವ ಜಾಗ. ನೀವು ಕೌನ್ಸಿಲ್ ವೆಬ್‌ಸೈಟಿಗೆ ಹೋಗಿ, ಪ್ಲಾನಿಂಗ್ ರಿಜಿಸ್ಟರ್‌ನಲ್ಲಿ ನಿಮ್ಮ ವಿಳಾಸ ಹಾಕಿ. ಎಲ್ಲ ಕೌನ್ಸಿಲ್‌ಗಳೂ ಆ ದಾಖಲೆ ಇಡಲೇಬೇಕು, ಯಾರು ಬೇಕಾದರೂ ನೋಡಬಹುದು. ತುಂಬ ಹಳೇದು ಆನ್‌ಲೈನ್ ಇಲ್ಲದಿದ್ದರೆ ಫೋನ್ ಮಾಡಿ ಕೇಳಿ.

ಭಾವ: ಸಿಕ್ಕಿತು. ಒಂದೇ ಒಂದು ಫೈಲ್ ಇದೆ. "ರೇರ್ ಎಕ್ಸ್‌ಟೆನ್ಷನ್ ಟು ಕಿಚನ್." ನಕ್ಷೆಯಲ್ಲಿ ಇಟ್ಟಿಗೆ ಗೆರೆ ಇರುವಲ್ಲೇ ಹಳೇ ಗೋಡೆ ತೋರಿಸಿದ್ದಾರೆ.

ಭಾವ: ಈಗ ಏನು ಮಾಡೋದು? ಪೂರ್ತಿ ಬಿಟ್ಟುಬಿಡೋದಾ?

ನಾನು: ಬಿಡುವುದು ಯಾಕೆ? ಎರಡು ದಾರಿ ಇದೆ. ನಿಮ್ಮಂಥ ಮನೆಗೆ ಒಟ್ಟು 6 ಮೀಟರ್ ತನಕ ಪ್ರಯರ್ ಅಪ್ರೂವಲ್ ಅಂತ ಇದೆ. ಕೌನ್ಸಿಲ್ ಪಕ್ಕದವರಿಗೆ ಪತ್ರ ಕಳಿಸಿ ತಕರಾರು ಇದೆಯಾ ಕೇಳುತ್ತದೆ, 42 ದಿನದಲ್ಲಿ ತೀರ್ಮಾನ. ನಿಮ್ಮದು ಹಳೇದೂ ಹೊಸದೂ ಸೇರಿ 5 ಮೀಟರ್ ಚಿಲ್ಲರೆ, ಬೇರೆ ಮಿತಿಗಳಿಗೂ ಹೊಂದಿದರೆ ಅದರಲ್ಲಿ ಹಿಡಿಯುತ್ತದೆ. ನಿಮ್ಮ ಬೀದಿ ಕನ್ಸರ್ವೇಷನ್ ಏರಿಯಾ, ಅಂದರೆ ಹಳೇ ರೂಪ ಉಳಿಸಲು ಗುರುತಿಸಿದ ಜಾಗ, ಆಗಿದ್ದರೆ ಈ ದಾರಿ ಇಲ್ಲ. ಇನ್ನೊಂದು, ಪೂರ್ತಿ ಪ್ಲಾನಿಂಗ್ ಅರ್ಜಿ, ಅದಕ್ಕೆ ಸಾಮಾನ್ಯವಾಗಿ 8 ವಾರ. ಪ್ರಯರ್ ಅಪ್ರೂವಲ್ ಕೆಲಸ ಶುರುವಾಗುವ ಮೊದಲೇ ತಗೋಬೇಕು. ಆಮೇಲೆ ಕೇಳಿದರೆ ಕೊಡುವುದಿಲ್ಲ. ಅದಕ್ಕೇ ಸೋಮವಾರ ಅಂದಾಗ ನನಗೆ ಎದೆ ಧಸಕ್ ಅಂದಿದ್ದು.

ತಮ್ಮ: ಅಕ್ಕ, 90 ಸೆಂಟಿಮೀಟರ್ ಮಾತ್ರ ಕಟ್ಟಿದರೆ ಏನೂ ಬೇಡವಾ?

ನಾನು: ಆಗಲೂ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್ ತಗೊಳ್ಳೋದು ಒಳ್ಳೇದು ಕಣೋ. ಕಡ್ಡಾಯ ಅಲ್ಲ. ಪ್ಲಾನಿಂಗ್ ಅರ್ಜಿಗೆ ಕಟ್ಟುವ ಶುಲ್ಕದ ಅರ್ಧ ಅಷ್ಟೇ. ಪರ್ಮಿಷನ್ ಬೇಡ ಅನ್ನೋದನ್ನು ಕೌನ್ಸಿಲ್ಲೇ ಬರೆದು ಕೊಟ್ಟ ಹಾಗೆ. ಮಾರುವಾಗ ವಕೀಲರ ಮುಂದೆ ಅದನ್ನು ಇಟ್ಟರೆ ಮಾತು ಮುಗಿಯುತ್ತದೆ. ಮತ್ತೆ ಬಿಲ್ಡಿಂಗ್ ರೆಗ್ಯುಲೇಷನ್ಸ್, ಅಂದರೆ ಕಟ್ಟಡ ಗಟ್ಟಿಯಾಗಿ, ಸುರಕ್ಷಿತವಾಗಿ ಇರಬೇಕು ಅನ್ನುವ ನಿಯಮಗಳು, ಇದರಿಂದ ಪೂರ್ತಿ ಬೇರೆ. ಪ್ಲಾನಿಂಗ್ ಬೇಡ ಅಂದರೆ ಅದೂ ಬೇಡ ಅಂತಲ್ಲ. ಪಾಯದ ಗುಂಡಿಗೆ ಕಾಂಕ್ರೀಟ್ ಸುರಿಯುವ ಮೊದಲು ಇನ್‌ಸ್ಪೆಕ್ಟರ್ ಬಂದು ಆಳ, ಮಣ್ಣು ನೋಡಬೇಕು. ಮುಚ್ಚಿದ ಮೇಲೆ ಯಾರಿಗೆ ಕಾಣುತ್ತೆ?

ಚಿಕ್ಕಪ್ಪ: ಈ ಮಾತು ಸರಿ. ಪಾಯ ಮುಚ್ಚೋಕೆ ಮುಂಚೆ ಯಾರಾದರೂ ನೋಡಲೇಬೇಕು. ಅಳಿಯಂದಿರೇ, ಒಂದೆರಡು ತಿಂಗಳು ತಡವಾದರೆ ಏನೂ ಆಗಲ್ಲ.

ಭಾವ: ಬಿಲ್ಡರ್‌ಗೆ ಈಗಷ್ಟೇ ಫೋನ್ ಮಾಡಿದೆ. ಸೋಮವಾರ ಬರಬೇಡಿ ಅಂದೆ. ಅವರಿಗೆ ಬೇಜಾರಾಯಿತು. ಫೈಲ್ ಕಳಿಸಿದ್ದೀನಿ, ನೋಡಲಿ. ಮೇಲೆ ಹಾಕಿದ ಫಾರ್ವರ್ಡ್ ಅಳಿಸಿಬಿಡಲಾ?

ನಾನು: ಅಳಿಸಬೇಡಿ ಭಾವ. ಅದರ ಕೆಳಗೆ ಅಕ್ಕನ ಫೋಟೋ ಇರಲಿ, ಗೆರೆಗೆ ಒಂದು ಬಾಣ ಹಾಕಿ. ಮತ್ತೆ ಪಕ್ಕದ ಮನೆಯವರಿಗೆ ಕೌನ್ಸಿಲ್ ಪತ್ರ ಹೋಗುವ ಮೊದಲೇ ನೀವೇ ಹೇಳಿಬಿಡಿ. ಅವರ ಗೋಡೆಯಿಂದ 3 ಮೀಟರ್ ಒಳಗೆ, ಅವರ ಪಾಯಕ್ಕಿಂತ ಆಳ ತೋಡುವುದಾದರೆ 1996ರ ಪಾರ್ಟಿ ವಾಲ್ ಕಾಯ್ದೆ (ಅಕ್ಕಪಕ್ಕದವರ ಗೋಡೆ, ಪಾಯಕ್ಕೆ ಸಂಬಂಧಿಸಿದ್ದು) ಪ್ರಕಾರ ಒಂದು ತಿಂಗಳು ಮುಂಚೆ ನೋಟಿಸ್ ಕೊಡಲೇಬೇಕು.

ಅಕ್ಕ: ಅದು ನನ್ನ ಕೆಲಸ. ನಾಳೆ ಬೆಳಿಗ್ಗೆ ನಕ್ಷೆ ಪ್ರಿಂಟ್ ತಗೊಂಡು ಹೋಗುತ್ತೀನಿ. ಅವರ ಅಡುಗೆಮನೆ ಕಿಟಕಿಗೆ ಬೆಳಕು ಕಡಿಮೆ ಆಗುತ್ತದಾ ಅಂತಲೂ ಅಲ್ಲೇ ನಿಂತು ನೋಡಿಕೊಂಡು ಬರುತ್ತೀನಿ.